ಅತ್ತೆ ಆಡಿ ಮುಗಿಸದ ಆಟ

ನವನಗರದ ಚೆಸ್ ಕ್ಲಾಸಿನಲ್ಲಿ ಇವತ್ತು ಮಗಳಿಗೆ ಹೊಸ ಪಾಠ. ರಾಜನ ಜೊತೆ ಒಬ್ಬರಿಗೆ ಆನೆ, ಒಂಟೆ. ಇನ್ನೊಬ್ಬರಿಗೆ ಬರೀ ಆನೆ. ಆ ಮಣೆ ಕಂಡದ್ದೇ ಹಳೇ ಬಾಗಲಕೋಟೆಯ ನಮ್ಮ ಪಡಸಾಲೆ ಕಣ್ಮುಂದೆ ಬಂತು.

ಗಂಡ ಸತ್ತು ತವರಿಗೆ ಬಂದಿದ್ದ ಅತ್ತೆ, ಅಣ್ಣನಾದ ನಮ್ಮಪ್ಪನ ಜೊತೆ ಚೆಸ್ ಆಡುತ್ತಿದ್ದಳು. ಅಂದು ಅಪ್ಪನಿಗೆ ಉಳಿದದ್ದು ಒಂದೇ ಆನೆ, ಅತ್ತೆಗೆ ಆನೆ, ಒಂಟೆ.

"ಇದು ಡ್ರಾ. ಕಾಯಿ ತಗಿ," ಎಂದ ಅಪ್ಪ.

"ಆಡಿ ನೋಡೂಣು ಅಣ್ಣಾ. ನಾ ಗೆಲ್ತೇನಿ."

"ನಿನ್ನ ಕೂಡ ಏನ್ ವಾದ? ಹೋಗು, ರೊಟ್ಟಿ ಬಡಿ."

ಅಪ್ಪ ಕಾಯಿಗಳನ್ನು ಡಬ್ಬಿಗೆ ಸುರಿದ. ಅತ್ತೆ ಜೋಳದ ಹಿಟ್ಟು ನಾದಿದ ರಭಸ ಇನ್ನೂ ನೆನಪಿದೆ.

"ಇದು ಡ್ರಾ ಏನ್ರಿ ಸರ್?" ಎಂದು ಇವತ್ತು ಕೇಳಿದೆ.

"ಶಾಸ್ತ್ರದಾಗ ಡ್ರಾ ರೀ. ಆದ್ರ ಬಚಾವಾಗೂದು ಭಾಳ ಕಷ್ಟ. ಒಂದು ನಡಿ ತಪ್ಪಿದ್ರ ಸೋತಂಗ," ಎಂದರು ಮಗಳ ಗುರುಗಳು.

ಅಪ್ಪ ಹೇಳಿದ್ದು ಖರೆ. ಆದರೆ ತಂಗಿಯ ಕೈಲಿ ಸೋಲುವ ಹೆದರಿಕೆಗೆ ಅವನು ಆಡಿ ತೋರಿಸಲಿಲ್ಲ. ಅತ್ತೆ ಮತ್ತೆಂದೂ ಮಣೆ ಮುಟ್ಟದೆಯೇ ಸತ್ತಳು.