ಅಕ್ಕನ ತಲೆನೋವಿಗೊಂದು ಸೈಲೆನ್ಸರ್

ಗದ್ದಲ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಊರು ಅಂಟಿಸಿದ್ದು. ಬಸ್ ಡಿಪೋದಲ್ಲಿ ಮುಷ್ಕರ ನಡೆದಾಗ ಮೈಕು ಕೈಕೊಟ್ಟಿತು. ಗೇಟಿನ ಮೇಲೆ ಹತ್ತಿ ನಿಂತು ಬರೀ ಗಂಟಲಲ್ಲಿ ಘೋಷಣೆ ಕೂಗಿದವನು ಅವನು. ಹಿಂದಿನ ಸಾಲಿಗೂ ಕೇಳಿಸಿತು, ಆಚೆ ಬೀದಿಯ ಬೇಕರಿಯವನಿಗೂ ಕೇಳಿಸಿತು. ಅಂದಿನಿಂದ ಎಲ್ಲರೂ ಅವನನ್ನು ಎದೆಗಾರ ಎಂದುಕೊಂಡರು. ಸುಳ್ಳು. ಅವನಂಥ ಪುಕ್ಕಲ ಆ ಡಿಪೋದಲ್ಲಿ ಇನ್ನೊಬ್ಬನಿರಲಿಲ್ಲ. ಲಾಠಿ ಹಿಡಿದವರು ಎದುರಿಗೆ ಸಾಲುಗಟ್ಟಿದಷ್ಟೂ ಅವನಿಗೆ ಹೆದರಿಕೆ, ಹೆದರಿದಷ್ಟೂ ದನಿ ಏರುತ್ತಿತ್ತು. ಈ ಗುಟ್ಟು ಗೊತ್ತಿದ್ದದ್ದು ಅವನ ಅಕ್ಕನಿಗೆ ಮಾತ್ರ.

"ಕೂಗು ಕಣೋ, ಕೂಗು. ನಿಲ್ಲಿಸಿದ್ರೆ ಚಡ್ಡಿ ಒದ್ದೆ ಮಾಡ್ಕೋತೀಯ," ಎಂದು ಅವತ್ತು ಗೇಟಿನ ಕೆಳಗೆ ನಿಂತು ಅವನ ಕಾಲು ಹಿಡಿದುಕೊಂಡಿದ್ದವಳು ಅವಳೇ. ಅದೇ ಡಿಪೋದಲ್ಲಿ ಬಸ್ ಓಡಿಸುತ್ತಿದ್ದಳು. ಅಮ್ಮ ಸತ್ತಮೇಲೆ ಅವನ ಮೂಗು ಒರೆಸಿ, ಕಪಾಳಕ್ಕೆ ಬಿಟ್ಟು, ಅನ್ನ ಹಾಕಿ ದೊಡ್ಡವನನ್ನಾಗಿ ಮಾಡಿದವಳೂ ಅವಳೇ.

ಮುಷ್ಕರ ಸೋತಿತು. ಅಕ್ಕನನ್ನು ಉಳಿಸಿಕೊಂಡರು, ಅವನನ್ನು ಹೊರಗೆ ಹಾಕಿದರು. ಅವನು ಸಂತೆ ಮೈದಾನದ ಹಿಂದೆ ತಗಡಿನ ಶೆಡ್ಡು ಹಾಕಿ ಸೈಲೆನ್ಸರ್ ರಿಪೇರಿಗೆ ಇಳಿದ. ಊರೆಲ್ಲ ನಕ್ಕಿತು, ಗದ್ದಲದವನು ಗದ್ದಲ ಅಡಗಿಸುವ ಅಂಗಡಿ ಇಟ್ಟಿದ್ದಾನೆ ಎಂದು. ನಗಲಿ. ಲಾರಿ, ವ್ಯಾನು, ಟ್ರ್ಯಾಕ್ಟರು, ಯಾವುದೇ ಬರಲಿ, ಶೆಡ್ಡಿನ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತು ಎಂಜಿನ್ ರೇಸ್ ಮಾಡಿಸಿ, ತೂತು ಎಲ್ಲಿದೆ ಎಂದು ಸದ್ದಿನಲ್ಲೇ ಹೇಳುತ್ತಿದ್ದ. ವರ್ಷಗಟ್ಟಲೆ ಹೀಗೆ ಬದುಕಿದವನಿಗೆ ಒಂದು ಚಾಳಿ ಅಂಟಿಕೊಂಡುಬಿಟ್ಟಿತ್ತು. ಗಾಡಿಗೆ ಏನೇ ಆಗಿರಲಿ, ಅವನಿಗೆ ಅದು ಸದ್ದೇ. ಸದ್ದು ಹೋಯಿತೋ, ಕಾಯಿಲೆ ಹೋಯಿತು.

ಆ ಮಧ್ಯಾಹ್ನ ಅಕ್ಕ ಮತ್ತು ಭಾವ ಬಂದದ್ದು ಭಾವನ ಸ್ಪೋರ್ಟ್ಸ್ ಕಾರಿನಲ್ಲಿ. ಭಾವ ದರ್ಜಿ. ಅಳತೆ ತಪ್ಪದ ಕೈ. ಸೂಟು ಹೊಲಿಸುತ್ತಿದ್ದ ಗಿರಾಕಿಯೊಬ್ಬರು ಗುಜರಿಗೆ ಹಾಕಲು ಹೊರಟಿದ್ದ ಎರಡೇ ಸೀಟಿನ ಹಳೇ ಕಾರನ್ನು ತಂದು, ನಾಯಿಮರಿ ಸಾಕಿದ ಹಾಗೆ ಸಾಕುತ್ತಿದ್ದ. ಸೀಟಿನ ಹೊದಿಕೆ ತಾನೇ ಹೊಲಿದ. ಬಾಗಿಲ ಸಂದಿಯಿಂದ ಗಾಳಿ ಬರುತ್ತದೆ ಎಂದು ಸುತ್ತಲೂ ರಬ್ಬರಿಗೆ ಬಟ್ಟೆ ಸುತ್ತಿ ಹೊಲಿದು ಪಟ್ಟಿ ಕೂರಿಸಿದ. ಸೂಜಿಮೊನೆಯಷ್ಟು ಗಾಳಿಯೂ ನುಗ್ಗದಂಥ ಕೆಲಸ.

"ನಿಮ್ಮಕ್ಕನಿಗೆ ಕಾರಲ್ಲಿ ಕೂತ್ರೆ ತಲೆನೋವು ಕಣಯ್ಯ," ಎಂದ ಭಾವ. "ಸದ್ದು ಜಾಸ್ತಿಯಾಗಿದೆ. ಒಂದು ಒಳ್ಳೇ ಸೈಲೆನ್ಸರ್ ನೋಡು."

"ಯಾವಾಗಿಂದ?"

"ಹೋದ ತಿಂಗಳಿಂದ. ತಲೆನೋವು, ವಾಕರಿಕೆ. ಇಳಿದು ಸ್ವಲ್ಪ ಹೊತ್ತಾದ್ರೆ ಸರಿ ಹೋಗುತ್ತೆ."

"ವಯಸ್ಸಾಯ್ತಲ್ಲ ಅಕ್ಕನಿಗೆ," ಎಂದ ಗದ್ದಲ.

"ನಿನ್ನ ಬಾಯಿಗೆ ಗ್ರೀಸ್ ಹಾಕ. ನಿನಗೇನು ಕಮ್ಮಿ ಆಗಿದ್ಯಾ?" ಎಂದಳು ಅಕ್ಕ, ಸ್ಟೂಲು ಎಳೆದುಕೊಂಡು ಕೂರುತ್ತಾ.

ಗದ್ದಲ ಮೂರು ಸೈಲೆನ್ಸರ್ ತಂದು ನೆಲದ ಮೇಲಿಟ್ಟ. ಮೊದಲನೆಯದು ನೇರ ಕೊಳವೆ, ಮೈತುಂಬ ತೂತು, ಸುತ್ತ ಗಾಜಿನ ಉಣ್ಣೆ. ಹೊಗೆ ಸಲೀಸಾಗಿ ಹೋಗುತ್ತದೆ, ಸದ್ದು ಗಡುಸು. ಎರಡನೆಯದು ತುಕ್ಕು ಹಿಡಿಯದ ಉಕ್ಕಿನದು, ಹೊಳಪೇ ಹೊಳಪು. ಮೂರನೆಯದು ದೊಡ್ಡ ಕಾರಿಗೆಂದು ಮಾಡಿದ್ದು, ಹೊಟ್ಟೆಯೊಳಗೆ ಕೋಣೆ ಕೋಣೆ. ಹೊಗೆ ಒಂದೊಂದು ಕೋಣೆ ಸುತ್ತಿ ಸುಸ್ತಾಗಿ ಆಚೆ ಬರಬೇಕು. ಸದ್ದು ಅಲ್ಲೇ ಸಾಯುತ್ತದೆ.

ಭಾವನ ಕಣ್ಣು ಮೊದಲನೆಯದರ ಮೇಲೆ. "ಸ್ಪೋರ್ಟ್ಸ್ ಕಾರು ಕಣಯ್ಯ. ಹೊಲಿಗೆ ಮಿಷನ್ ಥರ ಸದ್ದು ಮಾಡಿದ್ರೆ ಅದಕ್ಕೇನು ಮರ್ಯಾದೆ?"

"ನಿಮ್ಮ ಮರ್ಯಾದೆ ಬಾಲದಲ್ಲಿದ್ಯಾ?" ಎಂದಳು ಅಕ್ಕ. "ಆ ಮೂರನೇದು ಹಾಕೋ. ಇವತ್ತು ಸಂಜೆ ಅಣೆಕಟ್ಟಿನ ಹತ್ರ ಹೋಗೋದಿದೆ. ಹೋಗೋವಾಗಲಾದ್ರೂ ಇವರು ಮಾತಾಡೋದು ನನಗೆ ಕೇಳಿಸ್ಲಿ. ಮನೇಲಂತೂ ಬಾಯೇ ಬಿಡಲ್ಲ."

ಗದ್ದಲನೂ ಮೂರನೆಯದೇ ಸರಿ ಎಂದ. ಅಕ್ಕನ ತಲೆನೋವು ಹೋದರೆ ಸಾಕು. ಜಾಕಿ ಏರಿಸಿ ಕಾರಿನಡಿ ಮಲಗಿದಾಗ ಮುಂದುಗಡೆ ಏನೋ ಕಂಡಿತು. ಎಂಜಿನ್ನಿನಿಂದ ಹೊಗೆ ಹೊರಬೀಳುವ ಎರಕದ ಕೊಳವೆಯ ಕತ್ತಿನಲ್ಲಿ ಕೂದಲೆಳೆಯಂಥ ಬಿರುಕು, ಬಿರುಕಿನ ಸುತ್ತ ಕಾಡಿಗೆ ಬಳಿದಂತೆ ಮಸಿ. ಎಂಜಿನ್ ಚಾಲೂ ಮಾಡಿಸಿದಾಗ ಅಲ್ಲಿ ಟಿಕ್ ಟಿಕ್ ಎಂದಿತು, ಕಾದಮೇಲೆ ನಿಂತಿತು. ಸದ್ದು ನಿಂತಿತಲ್ಲ, ಇನ್ನೊಂದು ದಿನ ನೋಡೋಣ ಎಂದುಕೊಂಡ. ಗ್ರೈಂಡರ್ ಹಿಡಿದು ಹಳೆಯದನ್ನು ಕೊಯ್ದ. ಕಿಡಿ ಹಾರಿತು, ತಗಡಿನ ಶೆಡ್ಡು ಕಿವಿ ಹರಿಯುವಂತೆ ಅರಚಿತು. ಅಕ್ಕ ಪಕ್ಕದಲ್ಲೇ ಕೂತು ಚಹಾ ಕುಡಿದಳು, ಭಾವನನ್ನು ರೇಗಿಸಿದಳು, ಹೊತ್ತು ಹೋದದ್ದೇ ತಿಳಿಯಲಿಲ್ಲ.

ಹೊಸದು ಕೂತಮೇಲೆ ಕಾರು ಬೆಕ್ಕಿನ ಹಾಗೆ ಗುರುಗುಟ್ಟಿತು. ಚಳಿ ಬೀಳುತ್ತಿತ್ತು. ಭಾವ ಗಾಜು ಏರಿಸಿ ಬಿಸಿಗಾಳಿಯ ಹೀಟರು ಹಾಕಿದ. ಅಕ್ಕ ಒಳಗಿನಿಂದ ಹೆಬ್ಬೆರಳು ತೋರಿಸಿದಳು. ಹೋದರು.

ಗದ್ದಲ ಕಸ ಗುಡಿಸಿದ. ಬಿಚ್ಚಿದ ಹಳೇ ಸೈಲೆನ್ಸರನ್ನು ಗುಜರಿ ರಾಶಿಗೆ ಎಸೆಯಲು ಎತ್ತಿಕೊಂಡ. ಹಗುರ. ಅಲ್ಲಾಡಿಸಿದರೆ ಒಳಗೆ ಏನೂ ಇಲ್ಲ, ತುಕ್ಕು ತಿಂದು ಬರೀ ಟೊಳ್ಳು. ಹೊಗೆ ಇಷ್ಟು ದಿನ ತಡೆಯಿಲ್ಲದೆ ಹೋಗುತ್ತಿತ್ತು. ಹಾಗಾದರೆ ಸದ್ದು ಜಾಸ್ತಿ ಆಗಿದ್ದು ಸರಿಯೇ, ಅಕ್ಕನಿಗೆ ತಲೆನೋವು...

ಅಲ್ಲಿಗೆ ಅವನ ಕೈ ನಿಂತಿತು.

ಅಕ್ಕ ಇಪ್ಪತ್ತು ವರ್ಷ ಬಸ್ಸಿನ ಎಂಜಿನ್ ಪಕ್ಕದಲ್ಲಿ ಕೂತವಳು. ಈಗಷ್ಟೇ ಗ್ರೈಂಡರಿನ ಬಾಯಿಗೆ ಕಿವಿ ಕೊಟ್ಟುಕೊಂಡು ನಗುತ್ತಾ ಚಹಾ ಕುಡಿದವಳು. ಅವಳಿಗೆ ಸದ್ದಿನಿಂದ ತಲೆನೋವೇ? ಕಾರಿನಲ್ಲಿ ಕೂತರೆ ಬರುವ ನೋವು, ಇಳಿದರೆ ಹೋಗುವ ನೋವು. ಶುರುವಾದದ್ದು ಹೋದ ತಿಂಗಳು. ಭಾವ ಬಾಗಿಲಿಗೆ ಪಟ್ಟಿ ಹೊಲಿದದ್ದೂ ಹೋದ ತಿಂಗಳು.

ಆ ಮಸಿ. ಆ ಬಿರುಕು. ಅದರ ಪಕ್ಕದಲ್ಲೇ ಬಿಸಿಗಾಳಿಯ ಡಬ್ಬದ ಬಾಯಿ. ಅಲ್ಲಿಂದ ಎಳೆದ ಗಾಳಿಯನ್ನೇ ಅದು ಒಳಗಿದ್ದವರ ಮುಖಕ್ಕೆ ಊದುವುದು. ಬಿರುಕಿನಲ್ಲಿ ಸೋರಿದ ಹೊಗೆಯೂ ಅದರ ಜೊತೆಗೆ ಹೋಗುತ್ತಿತ್ತು, ಮುಚ್ಚಿದ ಜಾಗದಲ್ಲಿ ನಿದ್ದೆ ಬರಿಸಿಯೇ ಕೊಲ್ಲುವ ವಿಷ.

ಹಿಂದಿನ ದಾರಿ ಸಲೀಸಾಗಿದ್ದಾಗಲೇ ಅಷ್ಟು ಸೋರಿದೆ. ಈಗ ಅವನು ಹಿಂದೆ ಕೋಣೆ ಕೋಣೆ ಕಟ್ಟಿ ದಾರಿ ಕಿರಿದು ಮಾಡಿದ್ದಾನೆ. ಮೆರವಣಿಗೆಗೆ ಮುಖ್ಯರಸ್ತೆ ಮುಚ್ಚಿದರೆ ಜನ ಪಕ್ಕದ ಗಲ್ಲಿಗೆ ನುಗ್ಗುವುದನ್ನು ಅವನು ಕಣ್ಣಾರೆ ಕಂಡವನು. ಹೊಗೆಯೂ ಹಾಗೆಯೇ ಬಿರುಕಿನಲ್ಲಿ ನುಗ್ಗುತ್ತದೆ. ಸೂಜಿಮೊನೆಯಷ್ಟೂ ಗಾಳಿಯಾಡದ ಗೂಡಿನೊಳಗೆ. ಅಕ್ಕನನ್ನು ಕೂರಿಸಿ, ಗಾಜು ಏರಿಸಿ, ಅವನೇ ಕೈಯಾರೆ ಕಳಿಸಿದ್ದಾನೆ.

ಭಾವನಿಗೆ ಫೋನು ಮಾಡಿದ, ರಿಂಗಾಯಿತು, ಎತ್ತಲಿಲ್ಲ. ಓಡಿಸುವಾಗ ಫೋನು ಮುಟ್ಟದ ಶಿಸ್ತಿನ ಮನುಷ್ಯ. ಅಕ್ಕನಿಗೆ ಮಾಡಿದ. ಎತ್ತಿದವಳು ಅಕ್ಕನ ಮಗಳು.

"ಮಾಮಾ, ಅಮ್ಮ ಫೋನು ಇಲ್ಲೇ ಬಿಟ್ಟು ಹೋಗಿದ್ದಾಳೆ. ಯಾಕೆ, ಏನಾಯ್ತು?"

"ಏನಿಲ್ಲ," ಎಂದ. ಆ ದನಿ ಅವನದೇ ಎಂದು ಅವನಿಗೇ ನಂಬಿಕೆಯಾಗಲಿಲ್ಲ.

ವ್ಯಾನು ಹತ್ತಿದ. ಬೀಗ ಹಾಕಲಿಲ್ಲ, ದೀಪ ಆರಿಸಲಿಲ್ಲ. ಊರು ದಾಟಿದ ಮೇಲೆ ಅಣೆಕಟ್ಟಿನ ರಸ್ತೆ ಗುಡ್ಡ ಸುತ್ತಿಕೊಂಡು ಏರುತ್ತದೆ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಮೊಣಕಾಲೆತ್ತರದ ಕಟ್ಟೆ, ಅದರಾಚೆ ನೀರು. ಪ್ರತಿ ತಿರುವಿನಲ್ಲೂ ಅವನು ಕಟ್ಟೆಯನ್ನೇ ನೋಡಿದ. ಕಲ್ಲು ಕಿತ್ತುಹೋಗಿದೆಯೇ? ಟೈರು ಎಳೆದ ಗುರುತಿದೆಯೇ? ಭಾವನಿಗೆ ಜೊಂಪು ಹತ್ತಿದ್ದರೆ? ಒಂದು ತಿರುವಿನಲ್ಲಿ ಕಟ್ಟೆಯ ಮೂಲೆ ಮುರಿದಿತ್ತು. ಇಳಿದು ಬಗ್ಗಿ ನೋಡಿದ. ಮುರಿದ ಜಾಗದಲ್ಲಿ ಹುಲ್ಲು ಬೆಳೆದಿತ್ತು, ಹಳೆಯ ಗಾಯ. ಅಲ್ಲೇ ರಸ್ತೆಯಂಚಿನಲ್ಲಿ ವಾಂತಿ ಮಾಡಿಕೊಂಡು ಮತ್ತೆ ವ್ಯಾನು ಹತ್ತಿದ.

ಪಂಪ್‌ಹೌಸ್ ಎದುರು ಕಾರು ನಿಂತಿತ್ತು. ಹಿಂದಿನ ಕೆಂಪು ದೀಪ ಉರಿಯುತ್ತಿತ್ತು. ಓಡುತ್ತಾ ಹತ್ತಿರ ಹೋದ. ಎಂಜಿನ್ ಚಾಲೂ ಇದೆ ಎಂದು ತಿಳಿದದ್ದು ಡಿಕ್ಕಿಯ ಮೇಲೆ ಅಂಗೈ ಇಟ್ಟಾಗಲೇ, ಸದ್ದನ್ನು ಅಷ್ಟು ಚೆನ್ನಾಗಿ ಕೊಂದಿದ್ದ. ಗಾಜಿಗೆ ಒಳಗಿನಿಂದ ಹಬೆ ಕಟ್ಟಿತ್ತು. ಭಾವನ ಹಣೆ ಸ್ಟೇರಿಂಗ್ ಮೇಲೆ. ಅಕ್ಕನ ತಲೆ ಗಾಜಿಗೆ ಒರಗಿ, ಬಾಯಿ ಅರ್ಧ ತೆರೆದು.

ಕೂಗಲು ಬಾಯಿ ತೆರೆದ. ಏನೂ ಬರಲಿಲ್ಲ. ಊರನ್ನೇ ಎಬ್ಬಿಸಿದ ಗಂಟಲಿನಿಂದ ಇಷ್ಟು ಗಾಳಿ ಬಂತು, ಅಷ್ಟೇ. ಬಾಗಿಲಿಗೆ ಒಳಗಿನಿಂದ ಚಿಲಕ. ಜೇಬಿನಲ್ಲಿದ್ದ ಸ್ಪ್ಯಾನರ್ ತೆಗೆದು ಭಾವನ ಕಡೆಯ ಗಾಜಿಗೆ ಬಾರಿಸಿದ. ಎರಡನೇ ಏಟಿಗೆ ಗಾಜು ಪುಡಿಯಾಯಿತು. ಕೈ ತೂರಿಸಿ ಕೀಲಿ ತಿರುಗಿಸಿ ಎಂಜಿನ್ ಆರಿಸಿದ, ಎರಡೂ ಬಾಗಿಲ ಚಿಲಕ ತೆಗೆದ. ಮೊದಲು ಆ ಕಡೆ ಓಡಿ ಅಕ್ಕನನ್ನು ಕಂಕುಳಿಗೆ ಕೈ ಹಾಕಿ ಎಳೆದ. ಮೂಟೆಯ ಹಾಗೆ ಬಂದಳು. ಆಮೇಲೆ ಭಾವನನ್ನು. ಇಬ್ಬರನ್ನೂ ರಸ್ತೆಯಂಚಿನ ಹುಲ್ಲಿನ ಮೇಲೆ ಮಲಗಿಸಿ ಅಕ್ಕನ ಕೆನ್ನೆಗೆ ಹೊಡೆದ. ಜೀವಮಾನದಲ್ಲಿ ಮೊದಲ ಸಲ.

"ಏಳೇ. ಅಕ್ಕಾ. ಏಳೇ."

ಎಷ್ಟು ಹೊತ್ತೋ. ಅವನ ಲೆಕ್ಕದಲ್ಲಿ ಒಂದು ಜನ್ಮ. ಆಮೇಲೆ ಅಕ್ಕ ಕೆಮ್ಮಿ, ಮಗ್ಗುಲಾಗಿ, ಅವನ ಬೂಟಿನ ಮೇಲೆ ವಾಂತಿ ಮಾಡಿದಳು. ಭಾವ ಕಣ್ಣು ಬಿಟ್ಟು, ಆಕಾಶ ನೋಡಿ, ನಾಲಗೆ ತೊದಲುತ್ತಾ ಹೇಳಿದ:

"ತಲೆ ಭಾರ ಅಂತ ನಿಲ್ಸಿದ್ವಿ. ಎಷ್ಟು ಒಳ್ಳೇ ನಿದ್ದೆ ಬಂತಯ್ಯ..."

ಗದ್ದಲ ಇಬ್ಬರನ್ನೂ ವ್ಯಾನಿನಲ್ಲಿ ಹಾಕಿಕೊಂಡು ಆಸ್ಪತ್ರೆ ಮುಟ್ಟಿಸಿದ. ಮೂಗಿಗೆ ಆಮ್ಲಜನಕದ ಮುಖವಾಡ ಹಾಕಿಕೊಂಡು ಮಲಗಿದ್ದ ಅಕ್ಕ ಅವನನ್ನು ಹತ್ತಿರ ಕರೆದಳು. ಮುಖವಾಡ ಸರಿಸಿ, ಒಡೆದ ದನಿಯಲ್ಲಿ ಅಂದಳು:

"ಕಾರಿನ ಬಾಯಿ ಮುಚ್ಸೋ ಅಂದ್ರೆ ನಮ್ಮ ಬಾಯನ್ನೇ ಮುಚ್ಸ್ತಿದ್ದೆಯಲ್ಲೋ, ಮುಠ್ಠಾಳ."

ಮಂಚದ ಹಿಡಿ ಹಿಡಿದುಕೊಂಡು ಅವನು ಅತ್ತ. ಅವಳು ಸಮಾಧಾನ ಮಾಡಲಿಲ್ಲ. ಮಾಡುವ ಹೆಂಗಸಲ್ಲ.

ಇಬ್ಬರೂ ಮನೆಗೆ ಬಂದಮೇಲೆ ಗದ್ದಲ ಕಾರನ್ನು ಶೆಡ್ಡಿಗೆ ತಂದು, ಬಿರುಕು ಬಿಟ್ಟ ಕೊಳವೆ ತೆಗೆದು ಬೇರೆಯದು ಹಾಕಿದ. ಬಿಸಿಗಾಳಿಯ ಡಬ್ಬ ಬಿಚ್ಚಿ ಸಂದಿ ಸಂದಿ ಮುಚ್ಚಿದ. ಪ್ರತಿ ಜೋಡಣೆಗೂ ಸೋಪಿನ ನೀರು ಬಳಿದು ಗುಳ್ಳೆ ಏಳುತ್ತದೆಯೇ ಎಂದು ನೋಡಿದ, ಮತ್ತೆ ಬಳಿದ, ಮತ್ತೆ ನೋಡಿದ. ಕೋಣೆ ಕೋಣೆಯದನ್ನು ಕಿತ್ತು ನೇರ ಕೊಳವೆಯದನ್ನು ಕೂರಿಸಿದ. ಭಾವ ಬ್ಲೇಡು ತಂದು ತಾನು ಹೊಲಿದ ಪಟ್ಟಿಯನ್ನು ತಾನೇ ಕೊಯ್ದು ಹಾಕಿದ. ಒಡೆದ ಗಾಜಿನ ಜಾಗಕ್ಕೆ ಹೊಸದು ಬಂತು.

ಮೊದಲ ಓಟಕ್ಕೆ ಅಕ್ಕ ಕೀಲಿ ಕಸಿದುಕೊಂಡಳು. "ನೀವು ಇಲ್ಲೇ ಇರಿ," ಎಂದಳು ಭಾವನಿಗೆ. ತಮ್ಮನ ಕಡೆ ತಿರುಗಿ ಪಕ್ಕದ ಸೀಟು ತೋರಿಸಿದಳು. "ನೀನು ಕೂತ್ಕೋ."

"ನಾನ್ಯಾಕೆ?"

"ರಿಪೇರಿ ಮಾಡಿದವನು ನೀನಲ್ವಾ? ಕೂತ್ಕೋ. ಗಾಜು ಏರಿಸು."

ಕೂತ. ಏರಿಸಿದ. ಕಾರು ಗುಡುಗಿತು, ಸೀಟು ನಡುಗಿತು, ಸಂತೆ ಮೈದಾನದ ನಾಯಿಗಳು ಎದ್ದು ಬೊಗಳಿದವು. ಅಕ್ಕ ಬಸ್ಸು ತಿರುಗಿಸುವ ಹಾಗೆ ಎರಡೂ ಕೈಯಲ್ಲಿ ಸ್ಟೇರಿಂಗ್ ಎಳೆದು ರಸ್ತೆಗಿಳಿದಳು. ಅವನು ಮೂಗರಳಿಸಿ ವಾಸನೆ ಹಿಡಿಯುತ್ತಾ, ಬಾಗಿಲ ಹಿಡಿಯ ಮೇಲೆ ಕೈಯಿಟ್ಟುಕೊಂಡು, ರಸ್ತೆ ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದ.

"ತಲೆ ನೋಯ್ತಿದ್ಯಾ ಅಕ್ಕಾ?" ಸದ್ದಿಗೆ ಮೀರಿ ಕಿರುಚಿದ.

"ಇಲ್ಲ ಕಣೋ!"

"ವಾಕರಿಕೆ?"

"ನಿನ್ನ ಮುಖ ನೋಡಿದ್ರೆ ಬರುತ್ತೆ! ಅದು ಸರಿ, ಈ ಚಳೀಲಿ ಯಾಕೋ ಹೀಗೆ ಬೆವರ್ತಿದ್ದೀಯ?"

ಅವಳು ರಸ್ತೆ ಕಡೆ ತಿರುಗಿದ ಕೂಡಲೇ ಅವನು ಗಾಜನ್ನು ಎರಡು ಬೆರಳಷ್ಟು ಇಳಿಸಿದ. ಅಕ್ಕ ನೋಡಿದಳು. ಏರಿಸು ಅನ್ನಲಿಲ್ಲ.