ಗರಗಸದ ಮೇಣ, ನನ್ನ ಮೀಸೆ

"ಒಂದ್ ಬ್ಲೇಡ್ ಉಜ್ಜಕ್ಕೆ ಇಷ್ಟೊತ್ತೇನ್ಲಾ?" ಎಂದು ನಮ್ಮ ಮೇಸ್ತ್ರಿಯ ದನಿಯಲ್ಲಿ ಗದರಿ, ಅವರಂತೆಯೇ ಮೀಸೆ ತಿರುವಿದೆ. ಗುಬ್ಬಿಯ ಸಾಮಿಲ್ಲಿನಲ್ಲಿದ್ದವರೆಲ್ಲ ನಕ್ಕರು. ಬೆರಳು ಮಾತ್ರ ಮೀಸೆ ಬಿಟ್ಟು ಬರಲಿಲ್ಲ. ಹಸಿ ಹಲಸಿನ ಮರ ಕೊಯ್ದ ಗರಗಸದಿಂದ ಆಗಷ್ಟೇ ಕೆರೆದ ಮೇಣ ಕೈತುಂಬ ಇತ್ತು. ಅಂದು ಸಂಜೆಯೇ ಕುಣಿಗಲ್ಲಿನಲ್ಲಿ ನನಗೆ ಹೆಣ್ಣು ನೋಡುವ ಶಾಸ್ತ್ರ!

ತಿರುಗಿದರೆ ಮೇಸ್ತ್ರಿಯೇ ನಿಂತಿದ್ದರು. "ಬುಡ್ಲಾ, ಎಳೀಬ್ಯಾಡ. ಮೇಣ ಕೀಳೋದಲ್ಲ, ನೆನೆಸೋದು" ಎಂದು ಬ್ಲೇಡಿಗಿಟ್ಟಿದ್ದ ಸೀಮೆಎಣ್ಣೆ ಬಟ್ಟೆಯನ್ನೇ ನನ್ನ ಮೂತಿಗೆ ಒತ್ತಿದರು. ಮೀಸೆ ಉಳಿಯಿತು, ಘಾಟೂ ಉಳಿಯಿತು. ಸಂಜೆ ಕುಣಿಗಲ್ಲಿನಲ್ಲಿ ಹೆಣ್ಣಿನ ಅಪ್ಪ ಬೀಡಿ ಹಚ್ಚಲು ನನ್ನಿಂದ ದೂರ, ಅಂಗಳಕ್ಕೇ ಹೋದರು. ಕಾಫಿ ತಂದ ಹುಡುಗಿ ಮೂಗು ಮುಚ್ಚಿಕೊಂಡಾಗ ನಡೆದದ್ದನ್ನೆಲ್ಲ ಹೇಳಿಬಿಟ್ಟೆ.

ಅವಳು ಒಪ್ಪಿದಳು. ಈಗ ನೆಂಟರು ಬಂದಾಗಲೆಲ್ಲ ಇಲ್ಲದ ಮೀಸೆ ತಿರುವಿ, ಬೆರಳು ಬಿಡಿಸಿಕೊಳ್ಳಲು ಒದ್ದಾಡಿ ತೋರಿಸುತ್ತಾಳೆ. ನನಗಿಂತ ಚೆನ್ನಾಗಿ!