ಕಂಬಳಿ ಹೊಕ್ಕ ಮರಿಗಳು

ತತ್ತಿ ಇಡಲಾರದೆ ಆರು ಮರಿಗಳ ತಾಯಿಯಾದ ಗಂಡಸು ಯಾರು? ಬಿಡ್ರಿ, ನಿಮಗ ಹೊಳಿಯಂಗಿಲ್ಲ.

ಬಸವಕಲ್ಯಾಣದ ಒಂದು ಚಹಾ ಹೋಟೆಲಿನಾಗ ನಾ ಕಪ್ಪು ತೊಳೀತಿದ್ದೆ. ಥಂಡಿ ಒಮ್ಮೆಲೇ ಬಿತ್ತು. ಹಿತ್ತಲದಾಗಿನ ತಬ್ಬಲಿ ಕೋಳಿಮರಿಗಳನ್ನ ಮಾಲಕನ ಹೆಂಡತಿ ಒಲಿ ಮುಂದ ತಂದು ಬಿಟ್ಟಳು. ಅವು ಸೀದಾ ಹೋಗಿ, ಹುಮನಾಬಾದ ಬಸ್ಸಿಗೆ ಕಾಯ್ಕೋತ ಕುಂತಿದ್ದ ಮುದುಕನ ಕಂಬಳಿಯೊಳಗ ಹೊಕ್ಕವು.

ಬಸ್ ಬಂತು. ಮುದುಕ ಏಳಾಕ ಹೋದ.

“ಏಳಬ್ಯಾಡ್ರಿ ಕಾಕಾ, ಮರಿ ಸಾಯ್ತಾವ!” ಅಂದಳು ಆಕಿ.

“ನಾನೇನು ಕೋಳಿ ಏನವ್ವಾ? ನನ್ನ ಬಸ್ ಹೋಗಾಕತ್ತದ!”

ಆಕಿ ನನ್ನ ಕಡೆ ತಿರುಗಿ, “ಲೇ, ಕಾಕಾಗ ಇನ್ನೊಂದು ಚಹಾ ಕೊಡೋ!” ಅಂದಳು.

ಕಡೀಕ ಮುದುಕ ಕಂಬಳಿಯನ್ನ ಮರಿಗಳಿಗೇ ಬಿಟ್ಟು ಬಸ್ ಹತ್ತಿದ. ಚಲೋ ಅದ ಅಲ್ಲ? ಅದು ನಾ ಹುಟ್ಟಿಸಿದ್ದು. ಖರೇ ಅಂದ್ರ ಅವ ಕಂಬಳಿ ಝಾಡಿಸಿಕೊಂಡು ಓಡಿದ. ಸಂಜೀತನಕ ಮರಿಗಳನ್ನ ಅಂಗಿಯೊಳಗ ಇಟ್ಟುಕೊಂಡು, ಮೈತುಂಬ ಹೇಲಿಸಿಕೊಂಡು ಕುಂತಾಂವ ನಾನು.